ಭಾವನಿಗೆ ತೋರಿಸಿದ ಮರ

ಕಡಲ ದಂಡೆಯ ಆ ತೋಪಿನ ಮರಗಳು ಬೇರೆಲ್ಲೂ ಬೆಳೆಯುವುದಿಲ್ಲ. ಅವುಗಳ ಬೇರು ಮಣ್ಣಿನ ಮೇಲ್ಪದರದಲ್ಲೇ ಹರಿದಾಡುತ್ತದೆ. ಜನ ತುಳಿದಾಡಿದರೆ ಉಸಿರು ಕಟ್ಟಿ ಒಣಗುತ್ತದೆ. ಅದಕ್ಕೇ ಅಲ್ಲಿನ ಗೈಡುಗಳೆಲ್ಲ ಸೇರಿ ಒಂದು ಸುಳ್ಳನ್ನು ಸಾಕಿಕೊಂಡಿದ್ದರು. ಕಾಲುದಾರಿಯ ಪಕ್ಕದ ದಪ್ಪ ಮರವನ್ನು ತೋರಿಸಿ, ಎಲ್ಲಕ್ಕಿಂತ ಹಳೆಯದು ಇದೇ ಎನ್ನುವುದು. ನಿಜವಾದ ಹಿರೀಮರ ಬಂಡೆಯ ಹಿಂದೆ ತನ್ನ ಪಾಡಿಗೆ ತಾನಿತ್ತು.

ಹಿರಿಯ ಗೈಡ್ ಈ ಸುಳ್ಳನ್ನು ತಲೆ ಹಣ್ಣಾಗುವವರೆಗೆ ನಗುನಗುತ್ತಾ ಹೇಳಿಕೊಂಡು ಬಂದವನು. ಕೆಟ್ಟಿದ್ದು ಅವನ ಹೆಂಡತಿಯ ಅಣ್ಣ ಬಂದ ದಿನ. ತಂಗಿಯ ಗಂಡನಿಗೆ ಸಂಬಳ ಕೊಟ್ಟು ವಾಕಿಂಗ್ ಕಳಿಸುತ್ತಾರೆ ಎಂದು ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಹೇಳಿ ನಗಿಸುವ ಆಸಾಮಿ ಈ ಭಾವ. ಅವತ್ತು ದಪ್ಪ ಮರದ ಮುಂದೆ ಎಲ್ಲರೆದುರೇ ಆಕಳಿಸಿದ. ಗೈಡಿಗೆ ಮೈ ಉರಿಯಿತು. ಗುಂಪು ಚದುರಿದ ಮೇಲೆ ಭಾವನ ಕೈ ಹಿಡಿದು, ಕಾಲುದಾರಿಯ ಅಂಚಿಗೆ ಕಟ್ಟಿದ್ದ ಹಗ್ಗ ದಾಟಿಸಿ, ಬಂಡೆಯ ಹಿಂದೆ ಕರೆದೊಯ್ದ. ಬೇಡ ಎಂದು ಮನಸ್ಸು ಹೇಳುತ್ತಲೇ ಇತ್ತು, ಕಾಲು ಕೇಳಬೇಕಲ್ಲ.

ಭಾವ ಫೋಟೊ ತೆಗೆದ. ಯಾರಿಗೂ ತೋರಿಸದ ಮರ, ನಮಗೆ ಮಾತ್ರ ಎಂದು ಬರೆದು ಸ್ನೇಹಿತರಿಗೆಲ್ಲ ಕಳಿಸಿದ. ಅದು ಕೈಯಿಂದ ಕೈಗೆ ದಾಟಿ, ತೆಗೆದವರು ಯಾರೆಂದೇ ತಿಳಿಯದಂತಾಯಿತು.

ಚಳಿ ಕಳೆಯುವಷ್ಟರಲ್ಲಿ ಬಂಡೆಯ ಹಿಂದಕ್ಕೆ ಹೊಸ ಕಾಲುದಾರಿಯೇ ಬಿದ್ದಿತ್ತು. ಮಣ್ಣು ಗಾರೆ ಹಾಕಿದ ಹಾಗೆ ಗಟ್ಟಿಯಾಗಿತ್ತು, ಮರದ ಒಂದು ಮಗ್ಗುಲು ಕೆಂಪಗೆ ಒಣಗಿತ್ತು. ತೋಪಿನ ಮೇಲ್ವಿಚಾರಕಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಹೊಸದಾಗಿ ಸೇರಿದ ಗೈಡಮ್ಮನೇ ಗುಟ್ಟು ಬಿಟ್ಟುಕೊಟ್ಟಿರಬೇಕು, ಮಕ್ಕಳಿರುವವಳಾದರೂ ಇವತ್ತೇ ಕೆಲಸ ಬಿಡಿಸುತ್ತೇನೆ ಎಂದು ಪಕ್ಕದಲ್ಲಿ ನಿಂತಿದ್ದ ಹಿರಿಯ ಗೈಡಿಗೆ ಹೇಳಿದಳು. ನಿನ್ನಂಥವರು ಇನ್ನೊಬ್ಬರಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದೂ ಸೇರಿಸಿದಳು.

ನಿಂತ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಗೈಡಿಗೆ. ಸುಮ್ಮನಿದ್ದುಬಿಡೋಣ ಎಂಬ ಆಸೆಯೂ ಒಮ್ಮೆ ಬಂದು ಹೋಯಿತು. ಆ ಆಸೆ ಬಂದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು.

"ಅವಳಲ್ಲ, ನಾನು," ಎಂದ. "ಭಾವನ ಮುಂದೆ ದೊಡ್ಡ ಮನುಷ್ಯ ಅನ್ನಿಸ್ಕೋಬೇಕಿತ್ತು."

ಅವಳು ತಲೆಯೆತ್ತಲಿಲ್ಲ. ಉದುರಿದ ಎಲೆಗಳನ್ನು ಬೊಗಸೆಗೆ ಆಯ್ದುಕೊಂಡಳು. ಆಮೇಲೆ ಕೇಳಿದಳು, "ಮರ ನೋಡಿ ಏನಂದ ನಿನ್ನ ಭಾವ?"

ಅವನು ಮರವನ್ನು ನೋಡಿದ. ಶತಮಾನಗಳಿಂದ ಕಡಲ ಗಾಳಿ ತಿಂದು ತಿಂದು ಅದು ಅವನ ಸೊಂಟದೆತ್ತರವೂ ಬೆಳೆದಿರಲಿಲ್ಲ.

"ಇಷ್ಟೇನಾ ಅಂದ."