ಎರಡನೇ ನಂಬರಿನ ಹಸಿರು

ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರಿಗೆ ತಮ್ಮ ಕಣ್ಣಿನ ಬಗ್ಗೆ ಸ್ವಲ್ಪ ಜಂಬ ಇರುತ್ತದೆ. ಇವರಿಗೆ ತುಸು ಹೆಚ್ಚೇ ಇತ್ತು. ಅದಕ್ಕೇ ಅಕ್ಕ ಈ ಕೆಲಸ ಒಪ್ಪಿಸಿದ್ದು.

ಇವರಿಬ್ಬರ ಅಮ್ಮ ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ಜನ್ಮಕ್ಕೆಲ್ಲ ಬರೆದದ್ದು ಒಂದೇ ಕಾಗದ: ಹನ್ನೊಂದು ಸಾಲು, ಅಪ್ಪನ ಹಸಿರು ಶಾಯಿಯಲ್ಲಿ. ಅಮ್ಮ ಹೋದ ಮೇಲೆ, ಪೆಟ್ಟಿಗೆಯ ತಳದಲ್ಲಿದ್ದ ಅದು ತಮ್ಮನಾದ ಇವರ ಪಾಲಿಗೆ ಬಂದಾಗ ಅಕ್ಕ ಹೇಳಿದ್ದಳು: "ನನಗೊಂದು ನಕಲು ಬರೆದುಕೊಡೋ. ಅದೇ ಹಸಿರಲ್ಲಿ. ಕಂಡ್ರೆ ಅಮ್ಮಂದೇ ಅನ್ನಿಸ್ಬೇಕು."

"ಮೊದಲು ಒಂದು ಫೋಟೊ ತೆಗೆದಿಟ್ಕೊಳ್ಳಿ," ಎಂದಳು ಹೆಂಡತಿ.

"ಫೋಟೊದಲ್ಲಿ ಹಸಿರು ಸುಳ್ಳು ಹೇಳುತ್ತೆ ಕಣೆ."

ಏಳು ಸೀಸೆ ಹಸಿರು ಬಂತು, ನಂಬರು ಅಂಟಿಸಿದ್ದಾಯಿತು. ಒಂದೇ ಶಾಯಿ ನಯದ ಹಾಳೆಯ ಮೇಲೆ ನೀಲಿಗೆ ತಿರುಗಿತು, ಚಿತ್ರದ ಹಾಳೆಯಲ್ಲಿ ಕಪ್ಪಿಟ್ಟಿತು, ನೋಟ್‌ಬುಕ್ಕಿನಲ್ಲಿ ಬೇರು ಬಿಟ್ಟು ಹಿಂದಿನ ಪುಟಕ್ಕೂ ಇಳಿಯಿತು. ಟ್ಯೂಬ್‌ಲೈಟನ್ನು ನಂಬದ ಅವರು ಬೆಳಗಾದರೆ ಅಮ್ಮನ ಕಾಗದವನ್ನು ಕಿಟಕಿಯ ಮೇಜಿನ ಮೇಲೆ ಹರಡಿ, ಹಾರದಂತೆ ಹಿತ್ತಾಳೆಯ ತೂಕದ ಗುಂಡು ಇಟ್ಟು, ಬಿಸಿಲು ಇಳಿಯುವ ತನಕ ಹೋಲಿಸುತ್ತ ಕೂರುತ್ತಿದ್ದರು.

"ನನ್ನ ಒಪ್ಪುವಾಗ ಇದರಲ್ಲಿ ಕಾಲು ಭಾಗ ನೋಡಿದ್ರಾ?"

"ನೋಡಿದ್ರೆ ಒಪ್ತಿದ್ನಾ?"

ಮೊದಲ ದಿನ ಎರಡನೇ ನಂಬರು ಹೊಂದುತ್ತದೆ ಅನ್ನಿಸಿತ್ತು. ವಾರದಲ್ಲಿ ಅದು ಗಾಢವಾಗಿ ಕಂಡು ಐದಕ್ಕೆ ಹೋದರು. ಮತ್ತೊಂದು ವಾರಕ್ಕೆ ಐದೂ ಗಾಢ. ಏಳಕ್ಕೆ ನೀರು ಬೆರೆಸಿದರು. ದಿನಕ್ಕೊಂದು ಬಣ್ಣ ಕೊಡುತ್ತೀಯೆಂದು ಅಂಗಡಿಯವನನ್ನು ದಬಾಯಿಸಿದರು. "ನಾನು ಮಾರೋನು ಸರ್, ಮಾಡೋನಲ್ಲ," ಎಂದ ಅವನು.

ನಲವತ್ತನೆಯ ದಿನ ಮೇಜು ಒರೆಸಲು ಬಂದ ಹೆಂಡತಿ ಗುಂಡನ್ನೆತ್ತಿದವಳು ಹಾಗೇ ನಿಂತಳು. "ರೀ, ಇಲ್ನೋಡಿ."

ಗುಂಡು ಕೂತಿದ್ದ ದುಂಡನೆಯ ಜಾಗದಲ್ಲಿ 'ಬೇಗ ಬಾ' ಎಂಬ ಎರಡು ಪದ. ಕಡು ಹಸಿರು, ಎರಡನೇ ನಂಬರಿನದೇ. ಉಳಿದದ್ದನ್ನೆಲ್ಲ ಬಿಸಿಲು ನೆಕ್ಕಿ, ಹಳದಿ ಗೀರು ಮಾತ್ರ ಬಿಟ್ಟಿತ್ತು. ಸೀಸೆಯ ಶಾಯಿ ಎಂದೂ ಬದಲಾಗಿರಲಿಲ್ಲ. ಕಾಗದವನ್ನು ದಿನಾ ಒಣಹಾಕಿದವರು ಇವರೇ.

ಹೆಂಡತಿ ಫೋಟೊದ ಮಾತೆತ್ತಲಿಲ್ಲ. ಎತ್ತಿದ್ದರೆ ಎಷ್ಟೋ ವಾಸಿಯಿತ್ತು.

ಪೆನ್ನಿಗೆ ಎರಡನೇ ನಂಬರು ತುಂಬಿ, ಭೂತಗನ್ನಡಿ ಹಿಡಿದು ಕೂತರು. ಮೂರು ಸಾಲು ಹೇಗೋ ಬಿಡಿಸಿ ಓದಿದರು. ನಾಲ್ಕನೆಯದು ಓದಲು ಬರಲಿಲ್ಲ. ನೆನಪಿನಿಂದ ಬರೆಯೋಣವೆಂದರೆ, ಮೊದಲ ದಿನ ಬಿಟ್ಟರೆ ಅವರು ಅದನ್ನು ಓದಿಯೇ ಇರಲಿಲ್ಲ, ನೋಡಿದ್ದೆಲ್ಲ ಬಣ್ಣ.

ಸಂಜೆ ಅಕ್ಕನ ಫೋನು. "ಹಸಿರು ಸಿಕ್ತೇನೋ?"

"ಸಿಕ್ತಕ್ಕಾ. ಮೊದಲನೇ ದಿನವೇ ಸಿಕ್ಕಿತ್ತು."

"ಮತ್ತೆ ಬರೆಯೋಕೇನು ದಾಡಿ ನಿನಗೆ?"

ಅವರು ಗುಂಡನ್ನು ಆ ಎರಡು ಪದಗಳ ಮೇಲೆ ಮೆಲ್ಲಗೆ ಕೂರಿಸಿದರು. "ನಾಲ್ಕನೇ ಸಾಲಲ್ಲಿ ಅಮ್ಮ ಏನು ಬರೆದಿದ್ಲು, ನಿನಗೇನಾದ್ರೂ ನೆನಪಿದೆಯಾ?"

"ಚೆನ್ನಾಗಿ ಕೇಳ್ದೆ," ಅಕ್ಕ ನಕ್ಕಳು. "ಕಾಗದ ಇರೋದು ನಿನ್ನ ಹತ್ರ ಅಲ್ವೇನೋ?"