ವಿಮಾನ ಹತ್ತುವ ವಾರದಲ್ಲಿ ಕೊಬ್ಬು ತೆಗೆಸಬಹುದೇ?

ಮದುವೆ ಮನೆಯಲ್ಲಿ ಯಾರೋ ಹೊಟ್ಟೆ ನೋಡಿ, "ಇನ್ನೊಂದು ವಿಶೇಷ ಉಂಟಾ?" ಎಂದು ಕೇಳಿದರೆ ಯಾವ ಹೆಂಗಸಿಗೆ ಖುಷಿಯಾದೀತು? ಪುಂಜಾಲಕಟ್ಟೆಯ ರಿಫಾಳಿಗೆ ಆ ಮಾತು ನಾಟಿಬಿಟ್ಟಿತು. ಎರಡು ಹೆರಿಗೆಯ ನಂತರ ಅವಳ ಹೊಟ್ಟೆ ಮುಂದೆ ಬಂದಿತ್ತು, ಕೆನ್ನೆ ಒಳಗೆ ಹೋಗಿತ್ತು. ಕೇಳಿದವರು ಬಿರಿಯಾನಿ ಉಂಡು ಕೈತೊಳೆದು ಹೋದರು. ಇವಳಿಗೆ ಅಂದಿನಿಂದ ಕನ್ನಡಿ ಎಂದರೆ ಬೇಸರ.

ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಹೊಟ್ಟೆಯ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆದು, ಅದನ್ನೇ ಕೆನ್ನೆಗೂ ಪೃಷ್ಠಕ್ಕೂ ತುಂಬುತ್ತಾರಂತೆ. ಒಂದೇ ದಿನ ಎರಡೂ ಕೆಲಸ, ಸಂಜೆ ಮನೆಗೆ. ಗಂಡ ಅಜ್ಮಲ್ ಸೌದಿಯ ದಮ್ಮಾಮಿನಲ್ಲಿದ್ದ. ಮುಂದಿನ ಶುಕ್ರವಾರ ಅವಳು ಮಕ್ಕಳೊಂದಿಗೆ ಅಲ್ಲಿಗೆ ಹೋಗುವುದು, ಅಲ್ಲಿಂದ ಎಲ್ಲರೂ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೊರಡುವುದು ಎಂದು ನಿಶ್ಚಯವಾಗಿತ್ತು. ಸೋಮವಾರ ಮಾಡಿಸಿಕೊಂಡರೆ ವಿಮಾನ ನಿಲ್ದಾಣದಲ್ಲಿ ಅಜ್ಮಲ್ ಬೆರಗಾಗಬೇಕು ಎಂದು ಅವಳು ಮನಸ್ಸಿನಲ್ಲೇ ಮಂಡಿಗೆ ತಿಂದಳು.

ಸೋಮವಾರಕ್ಕೆ ಬುಕ್ ಮಾಡಲು ಆ ಜಾಹೀರಾತಿನ ಕ್ಲಿನಿಕ್ಕಿಗೆ ಫೋನ್ ಮಾಡಿದಾಗ, ಜೊತೆಗೆ ಒಬ್ಬರು ಬರಬೇಕು ಎಂದು ಅಲ್ಲಿನವರು ಹೇಳಿದ್ದರು. ಅತ್ತೆ ಸಾಲಿಹಾರಿಗೆ ಹೇಳುವ ಧೈರ್ಯವಿಲ್ಲ. ಹಾಗಾಗಿ ಪಕ್ಕದ ಮನೆಯ ಶಶಿಪ್ರಭಾಳ ಬಳಿಗೆ ಹೋದಳು. ಶಶಿಪ್ರಭಾ ಮೂಡುಬಿದಿರೆಯ ಆಸ್ಪತ್ರೆಯೊಂದರಲ್ಲಿ ಆಪರೇಶನ್ ಥಿಯೇಟರಿನ ನರ್ಸ್.

ವಿಷಯ ಕೇಳಿ ಶಶಿಪ್ರಭಾ ನಗಲಿಲ್ಲ, ಬೈಯಲೂ ಇಲ್ಲ. "ಚಂದ ಕಾಣ್ಬೇಕು ಅಂತ ಆಸೆ ಪಟ್ರೆ ತಪ್ಪಲ್ಲ. ಆಪರೇಶನ್ ಮಾಡುವುದು ಯಾರು? ಅರಿವಳಿಕೆ ಡಾಕ್ಟರ್ ಉಂಟಾ ಅಲ್ಲಿ?"

"ಅದೆಲ್ಲ ಕೇಳ್ಲಿಲ್ಲ ಶಶಿಯಕ್ಕ. ನಮ್ಮದೇ ಕೊಬ್ಬು, ನಮ್ಮದೇ ಮೈ. ಏನಾಗ್ತದೆ?"

"ಆ ಕೊಬ್ಬು ರಕ್ತನಾಳಕ್ಕೆ ಹೋದ್ರೆ ಜೀವಕ್ಕೇ ಕುತ್ತು. ಪೃಷ್ಠದಲ್ಲಿ ಆಳಕ್ಕೆ ಚುಚ್ಚಿದ್ರೆ ಆ ಭಯ ಜಾಸ್ತಿ. ಮುಖದಲ್ಲಾದ್ರೆ ಅಪರೂಪಕ್ಕೆ ಕಣ್ಣೂ ಹೋಗ್ತದೆ. ಎರಡೂ ಒಟ್ಟಿಗೆ ಮಾಡ್ಲೇಬಾರದು ಅಂತ ಇಲ್ಲ. ಆದ್ರೆ ಆಪರೇಶನ್ ಉದ್ದ ಆಗ್ತದೆ. ಎಷ್ಟು ತೆಗೀಬಹುದು, ಒಂದೇ ಸಲ ಸಾಕಾ ಅಂತ ನಿನ್ನನ್ನು ಪರೀಕ್ಷೆ ಮಾಡಿದ ಪ್ಲಾಸ್ಟಿಕ್ ಸರ್ಜನ್ ಹೇಳ್ಬೇಕು. ನೀನು ಮಾತ್ರೆ ಏನಾದ್ರೂ ತಗೊಳ್ತೀಯಾ?"

"ಇಲ್ಲ," ಎಂದಳು ರಿಫಾ. ಕ್ಲಿನಿಕ್ಕಿನವರಿಗೂ ಹಾಗೇ ಹೇಳಿದ್ದಳು.

"ಉಮ್ರಾಕ್ಕೆ ಹೋಗ್ತಿದ್ದೀಯಲ್ಲ, ಮುಟ್ಟು ಮುಂದೆ ಹಾಕುವ ಮಾತ್ರೆ?"

"ಅದು ನಿನ್ನೆಯಿಂದ ತಗೊಳ್ತಿದ್ದೇನೆ, ಮುಟ್ಟಾದ್ರೆ ಉಮ್ರಾ ಪೂರ್ತಿ ಮಾಡ್ಲಿಕ್ಕಾಗುದಿಲ್ಲವಲ್ಲ. ಅದು ಕಾಯಿಲೆಯ ಮದ್ದಲ್ಲವಲ್ಲ. ಹೋಗುವವರು ತುಂಬ ಜನ ತಗೊಳ್ತಾರೆ."

"ತಗೊಳ್ಳಲಿ, ಡಾಕ್ಟರನ್ನು ಕೇಳಿ ತಗೊಳ್ಳಲಿ. ಅಂಥ ಹಾರ್ಮೋನ್ ಮಾತ್ರೆಯಿಂದ ಕೆಲವರಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಆಪರೇಶನ್ ಆದ್ರೂ ಹಾಗೇ. ವಿಮಾನದಲ್ಲಿ ಗಂಟೆಗಟ್ಟಲೆ ಕೂತ್ರೂ ಹಾಗೇ. ನೀನು ಮೂರನ್ನೂ ಒಂದೇ ವಾರಕ್ಕೆ ಇಟ್ಟಿದ್ದಿ ಮಾರಾಯ್ತಿ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದ್ರೆ, ನಡು ಆಕಾಶದಲ್ಲಿ ನಿನ್ನ ಮಕ್ಕಳು ಯಾರನ್ನು ಕರೀಬೇಕು?"

ಪಕ್ಕದ ಸೀಟಿನಲ್ಲಿ ತನ್ನ ಭುಜ ಅಲುಗಾಡಿಸಿ ಕರೆಯುವ ಮಗಳು ರಿಫಾಳ ಕಣ್ಣ ಮುಂದೆ ಬಂದಳು. ನಿಜಕ್ಕೂ ಹೆದರಿಕೆಯಾಯಿತು.

"ಈಗ ಸುಖವಾಗಿ ಹೋಗಿ ಬಾ," ಎಂದಳು ಶಶಿಪ್ರಭಾ. "ಬಂದ ಮೇಲೂ ಬೇಕು ಅನ್ನಿಸಿದ್ರೆ ಒಳ್ಳೆಯ ಸರ್ಜನ್ ಹತ್ತಿರ ನಾವಿಬ್ಬರೂ ಹೋಗುವ."

ರಿಫಾ ಕ್ಲಿನಿಕ್ಕಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಸಂಜೆ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದಳು.

"ನಿನಗೆ ಏನಾದ್ರೂ ಆಗಿದ್ರೆ, ಅಜ್ಮಲ್‌ಗೆ ಫೋನ್ ಮಾಡಿ ನಾನು ಏನು ಅಂತ ಹೇಳ್ಬೇಕಿತ್ತು?" ಎಂದರು ಸಾಲಿಹಾ. ಮರುದಿನ ತಾವೇ ಸೊಸೆಯನ್ನು ಕರೆದುಕೊಂಡು ಹೋಗಿ, ಆ ಮಾತ್ರೆಯ ಬಗ್ಗೆ ಡಾಕ್ಟರರನ್ನು ಕೇಳಿ ಬಂದರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕೊಬ್ಬು ತೆಗೆಸುವುದೂ ತುಂಬಿಸುವುದೂ ಶಸ್ತ್ರಚಿಕಿತ್ಸೆಯೇ. ಅರ್ಹ ಸರ್ಜನ್, ಅರಿವಳಿಕೆ ತಜ್ಞರು, ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೇ ಹೋಗಿ. ನುಂಗುವ ಪ್ರತಿ ಮಾತ್ರೆಯನ್ನೂ, ಪ್ರಯಾಣದ ದಿನವನ್ನೂ ವೈದ್ಯರಿಗೆ ತಿಳಿಸಿ. ಶಸ್ತ್ರಚಿಕಿತ್ಸೆಯಾದ ಮೇಲೆ ಉಸಿರು ಕಟ್ಟಿದರೆ, ಎದೆ ನೋಯುತ್ತಿದ್ದರೆ, ಒಂದು ಕಾಲು ಊದಿಕೊಂಡರೆ, ಕಣ್ಣು ಮಂಜಾದರೆ, ಜ್ವರ ಬಂದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿಯೇ ಹೊರಡಿ. ಮುಚ್ಚಿಟ್ಟು ಮಾಡಿಸಿಕೊಂಡರೆ, ನಿಮಗೆ ಮಾತು ನಿಂತ ಹೊತ್ತಿನಲ್ಲಿ ಡಾಕ್ಟರರಿಗೆ ಕಾರಣ ಹೇಳಲು ಯಾರೂ ಇರುವುದಿಲ್ಲ.