ಒಣ ಟವೆಲ್

ನಮ್ಮವರು ಮೂವತ್ತು ವರ್ಷ ಪ್ರವಾಸಿ ಬಸ್ಸು ಓಡಿಸಿದರು. ಅದೂ ಒಂದೇ ಪ್ರವಾಸ. ದೇಶದಲ್ಲಿ ನೀರು ಎಲ್ಲೆಲ್ಲಿ ಚೆಂದಕ್ಕೆ ಬೀಳುತ್ತದೋ ಅಲ್ಲೆಲ್ಲ ಜನರನ್ನು ಇಳಿಸಿ, ಹತ್ತಿಸಿಕೊಂಡು, ಏಳು ಜಲಪಾತ ಮುಗಿಸಿ ಮನೆಗೆ ಬರುವಷ್ಟರಲ್ಲಿ ಗಡ್ಡ ಬೆಳೆದಿರುತ್ತಿತ್ತು. ನಾನು ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ನು ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು. ಬಚ್ಚಲಿನ ನಲ್ಲಿ ಬಿಟ್ಟರೆ ನೀರು ಬೀಳುವುದನ್ನು ಬೇರೆಲ್ಲೂ ಕಂಡವಳಲ್ಲ.

ಕಂಡಿಲ್ಲವೆಂದು ಯಾರ ಮುಂದೂ ಒಪ್ಪಿಕೊಂಡವಳೂ ಅಲ್ಲ. ಯಾಕೆಂದರೆ ನಮ್ಮವರು ಪ್ರವಾಸದಿಂದ ಬಂದ ದಿನ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಟೀ ಲೋಟ ಹಿಡಿದು, ಒಂದೊಂದೇ ಜಲಪಾತವನ್ನು ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಿದ್ದರು. ಬೇರೆ ಹೊತ್ತಿನಲ್ಲಿ ನಾಲ್ಕು ಮಾತಾಡಿಸಲು ಇಕ್ಕಳ ಹಾಕಿ ಎಳೆಯಬೇಕಾದ ಮನುಷ್ಯ, ಜಲಪಾತದ ವಿಷಯ ಬಂದರೆ ಟೀ ಆರಿಹೋದರೂ ನಿಲ್ಲಿಸುತ್ತಿರಲಿಲ್ಲ. ನನ್ನ ಕಾಲು ಪೆಡಲಿನ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಅಳತೆ ಕೊಡಲು ಬಂದ ತಾಯಂದಿರಿಗೆ ಅದನ್ನೇ ನಾನು ಇನ್ನಷ್ಟು ಬಣ್ಣ ಹಚ್ಚಿ ಹೇಳುತ್ತಿದ್ದೆ. ಅರ್ಧ ಬೀದಿ ನಾನು ದೇಶವೆಲ್ಲ ಸುತ್ತಿದವಳು ಅಂದುಕೊಂಡಿದೆ. ಅಂದುಕೊಳ್ಳಲಿ ಬಿಡಿ, ನನಗೇನು ನಷ್ಟ.

ಒಂದು ಸಂಗತಿ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಪ್ರತಿ ಸಲ ಅಂಚು ಹೊಲಿದು ಒಂದು ಒಳ್ಳೆ ಟವೆಲ್ ಚೀಲಕ್ಕೆ ಹಾಕಿ ಕಳಿಸುತ್ತಿದ್ದೆ. ಪ್ರತಿ ಸಲವೂ ಅದು ಡೀಸೆಲ್ ವಾಸನೆ ಹೊತ್ತು, ಗರಿಗರಿಯಾಗಿ ಒಣಗಿ ವಾಪಸ್ ಬರುತ್ತಿತ್ತು. ಏಳು ಜಲಪಾತ ಸುತ್ತಿ ಬಂದ ಟವೆಲ್ ಹೀಗಿರುತ್ತದೆಯೇ? ನನ್ನ ಗಂಡ ಎಷ್ಟು ಅಚ್ಚುಕಟ್ಟು, ಒಣಗಿಸಿಯೇ ಮಡಚುತ್ತಾರೆ ಎಂದು ಹೆಮ್ಮೆಪಟ್ಟೆ. ನನ್ನ ಬುದ್ಧಿಗಿಷ್ಟು!

ಕೆಲಸ ಮುಗಿಸುವ ಡ್ರೈವರ್‌ಗೆ ಕೊನೆಯ ಪ್ರವಾಸದಲ್ಲಿ ಹೆಂಡತಿಗೊಂದು ಸೀಟು ಕೊಡುವುದು ಅವರ ಕಂಪನಿಯ ಪದ್ಧತಿ. ಹಾಗೆ ನಾನು ಹೊರಟೆ, ಡ್ರೈವರ್ ಸೀಟಿನ ಹಿಂದೆಯೇ ಕೂತು. ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಅಜ್ಜಿ. ಹತ್ತಿದ ಕೂಡಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಡ್ರೈವರ್ ಹೆಂಡ್ತಿನಾ? ಒಳ್ಳೇದು. ನೀನಿದ್ರೆ ಹುಷಾರಾಗಿ ಓಡಿಸ್ತಾನೆ," ಅಂದರು. ಬಸ್ಸಿನ ಗೈಡು ಬಾಯಿಗೆ ಮೈಕು ಅಂಟಿಸಿಕೊಂಡೇ ಹುಟ್ಟಿದವನು. ಜನ ಅವನನ್ನು ಮೈಕಣ್ಣ ಅನ್ನುತ್ತಿದ್ದರು.

ಮೊದಲ ಜಲಪಾತದಲ್ಲಿ ಎಲ್ಲರೂ ಇಳಿದರು. ನಮ್ಮವರು ಸೀಟು ಹಿಂದಕ್ಕೆ ಒರಗಿಸಿ, ಟವೆಲ್ ಕಣ್ಣಿನ ಮೇಲೆ ಹಾಕಿಕೊಂಡರು.

"ರೀ, ಏಳಿ. ಬರಲ್ವಾ?"

"ನಾನು ನೋಡಿದ್ದೇ ಅಲ್ವೇನೇ. ನೀನು ಹೋಗಿ ಬಾ."

ಹೋದೆ. ಅಬ್ಬಾ, ಎಂಥ ನೀರು! ಆದರೆ ನಾನು ಹುಡುಕಿದ್ದು ನೀರಿನ ನಡುವಿನ ಕರಿ ಬಂಡೆಯನ್ನು. ಕೂತ ಆನೆಯ ಹಾಗಿದೆ, ಅದರ ಬೆನ್ನಿನ ಮೇಲೆ ನೀರು ಎರಡು ಸೀಳಾಗುತ್ತದೆ, ಹೋದ ತಿಂಗಳು ಕೊಕ್ಕರೆಯೊಂದು ಕೂತಿತ್ತು ಎಂದಿದ್ದರು. ಎಲ್ಲಿದೆ ಎಂದು ಮೈಕಣ್ಣನನ್ನು ಕೇಳಿದೆ.

"ಆ ಬಂಡೆನಾ ಅಕ್ಕಾ? ಪ್ರವಾಹದಲ್ಲಿ ಕೊಚ್ಕೊಂಡು ಹೋಗಿ ಯಾವ ಕಾಲ ಆಯ್ತು! ನಮ್ಮ ಆಫೀಸಿನ ಪೋಸ್ಟರಲ್ಲಿ ಮಾತ್ರ ಇದೆ. ಹಳೇ ಫೋಟೋ."

ಏನೋ ಮರೆತಿರಬೇಕು ಅಂದುಕೊಂಡೆ. ಎರಡನೆಯದರಲ್ಲೂ ಅವರು ಇಳಿಯಲಿಲ್ಲ. ಮೂರನೆಯದರಲ್ಲಿ ನೀರಿನ ಹಿಂದೆ ಕಲ್ಲಿನ ಜಗಲಿಯಿದೆ, ಅಲ್ಲಿ ನಿಂತರೆ ಮುಂದೆ ಬಿಳಿ ಪರದೆ ಎಳೆದ ಹಾಗೆ ಎಂದು ಹೇಳಿದ್ದರು. ನೋಡಿದರೆ ದೂರದಿಂದಲೇ ಕಬ್ಬಿಣದ ಬೇಲಿ. ಹತ್ತಿರ ಸುಳಿಯಲು ಬಿಡುವುದಿಲ್ಲ.

"ಜಗಲಿ ಇರೋದು ಐದನೇದರಲ್ಲಿ ಅಕ್ಕಾ," ಎಂದ ಮೈಕಣ್ಣ. ಆಮೇಲೆ ಮೈಕು ಇಳಿಸಿ, ಮೆಲ್ಲಗೆ, "ಅಣ್ಣ ಕೆಳಗೆ ಇಳಿದಿದ್ದನ್ನ ನಾನಂತೂ ಒಂದು ದಿನಾನೂ ನೋಡಿಲ್ಲಪ್ಪ," ಅಂದ.

ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಈ ಮನುಷ್ಯ ನನ್ನ ಕಿವಿ ಮೇಲೆ ಹೂವಿಟ್ಟರಲ್ಲ! ಆ ಕೊಕ್ಕರೆ ಎಲ್ಲಿಂದ ಬಂತು? ನಾನು ಬೀದಿಗೆಲ್ಲ ಹಂಚಿದ್ದೇನು? ದಡದಡ ಮೆಟ್ಟಿಲು ಹತ್ತಿ ಬಂದು ಅವರ ಮುಖದ ಮೇಲಿನ ಟವೆಲ್ ಕಿತ್ತೆ.

"ಒಂದಾದ್ರೂ ನೋಡಿದ್ದೀರಾ? ಬಾಯಿಬಿಟ್ಟು ಹೇಳಿ. ಒಂದು?"

ಅವರು ಎದ್ದು ಕೂತು, ಸ್ಟೇರಿಂಗಿನ ಮೇಲಿನ ಧೂಳು ಒರೆಸಿದರು. ಆಮೇಲೆ, "ಇಲ್ಲ," ಅಂದರು.

"ಯಾಕ್ರೀ?"

"ಅವ್ರು ನೋಡೋ ಹೊತ್ತಲ್ಲೇ ನಾನು ನಿದ್ದೆ ಮಾಡ್ಬೇಕಲ್ಲ. ನೋಡಿ ಬಂದ ಮೇಲೆ ಎಲ್ಲಾ ಕಡೆನೂ ಘಾಟಿ ಇಳೀಬೇಕು. ನಾನು ತೂಕಡಿಸಿದ್ರೆ ಬಸ್ಸು ತುಂಬ ಜನ ಏನಾಗ್ತಾರೆ? ಅವರ ಸಾಮಾನೂ ಇಲ್ಲೇ ಇರುತ್ತೆ, ಬಿಟ್ಟು ಹೋಗೋ ಹಾಗಿಲ್ಲ. ಗೈಡು ಅವರ ಜೊತೆ ಇರ್ಬೇಕು."

"ಮತ್ತೆ ನನಗೆ ಹೇಳಿದ್ದು?"

"ವಾಪಸ್ ಬರುವಾಗ ಅವ್ರು ಮಾತಾಡ್ಕೊಳ್ತಾರಲ್ಲ, ಅದನ್ನ ಕೇಳಿಸ್ಕೊತಿದ್ದೆ. ಪೋಸ್ಟರ್ ನೋಡ್ತಿದ್ದೆ. ಉಳಿದದ್ದು ಸ್ವಲ್ಪ ನಾನೇ ಸೇರಿಸ್ತಿದ್ದೆ." ನನ್ನ ಮುಖ ನೋಡದೆ, "ನೀನು ಮೆಷಿನ್ ನಿಲ್ಲಿಸಿ ಕೂತ್ಕೊತಿದ್ದೆ ಕಣೇ. ಬರೀ ಪಾರ್ಕಿಂಗ್ ನೋಡ್ದೆ ಅಂತ ಹೇಗೆ ಹೇಳ್ಲಿ?" ಅಂದರು.

ಬಾಯಿಗೆ ಬಂದ ಬೈಗುಳ ಅಲ್ಲೇ ನುಂಗಿದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ, ನಿಜ. ದೇಶಕ್ಕೆಲ್ಲ ಜಲಪಾತ ತೋರಿಸಿದ ಮನುಷ್ಯ ಒಂದು ಹನಿ ಕಂಡಿಲ್ಲ. ಇನ್ನು ನಾಲ್ಕು ಉಳಿದಿದ್ದವು, ಆಮೇಲೆ ಬಸ್ಸೇ ಇಲ್ಲ. ಅಳು ಬಂತು, ಅಳಲಿಲ್ಲ. ಹಟ ಬಂತು.

"ಕೊನೇದು, ದೊಡ್ಡದು, ಅದನ್ನ ನೀವು ನೋಡ್ತೀರಿ," ಅಂದೆ.

"ನಿದ್ದೆ?"

"ಮಧ್ಯಾಹ್ನ ಊಟಕ್ಕೆ ನಿಲ್ಲಿಸ್ತೀರಲ್ಲ, ಅಲ್ಲಿ ಮಾಡಿ."

"ಅಲ್ಲಿ ಆಗಲ್ಲ. ಒಬ್ಬರು ಹತ್ತುತ್ತಾರೆ, ಒಬ್ಬರು ಇಳೀತಾರೆ, ಸಂತೆ ಅದು."

"ಸಂತೆ ನಾನು ನೋಡ್ಕೊತೀನಿ."

"ಬಸ್ಸು ಯಾರು ಕಾಯ್ತಾರೆ?"

"ನಾನು."

"ಹುಚ್ಚಾ ನಿನಗೆ? ಏಳರಲ್ಲಿ ಅದೇ ಚೆನ್ನಾಗಿರೋದು. ನೀನು ನೋಡಲ್ವಾ?"

"ನಾನು ಮೂರು ನೋಡಿದ್ದೀನಿ, ಇನ್ನೂ ಮೂರು ನೋಡ್ತೀನಿ. ನಿಮ್ಮ ಲೆಕ್ಕಕ್ಕಿಂತ ಆರು ಜಾಸ್ತಿ. ಸುಮ್ನಿರಿ."

ಕೊನೆಯ ದಿನ ಮಧ್ಯಾಹ್ನ ಹೆದ್ದಾರಿ ಪಕ್ಕದ ಹೋಟೆಲಿನ ಅಂಗಳದಲ್ಲಿ ಬಸ್ಸು ನಿಂತಿತು. ನಮ್ಮವರು ನಾಲ್ಕು ತುತ್ತು ಉಂಡು ಬಂದು, ಹಿಂದಿನ ಉದ್ದ ಸೀಟಿನಲ್ಲಿ ಕಾಲು ಮಡಚಿ ಮಲಗಿದರು. ನಾನು ಕಿಟಕಿ ಪರದೆಗಳನ್ನೆಲ್ಲ ಎಳೆದು, ಹಾರದ ಹಾಗೆ ಪಿನ್ನು ಚುಚ್ಚಿದೆ. ಹೊಲಿಯುವವಳ ಚೀಲದಲ್ಲಿ ಪಿನ್ನಿಗೆ ಬರವೇ? ಬಾಗಿಲು ಮುಚ್ಚಿ ಅದರ ಮುಂದೆ ಛತ್ರಿ ಬಿಡಿಸಿ ನಿಂತೆ.

ಮೊದಲು ಬಂದವನು ಒಬ್ಬ ಯುವಕ. ಚಾರ್ಜರ್ ಬೇಕಂತೆ.

"ಇಲ್ಲಪ್ಪ. ಡ್ರೈವರ್ ಮಲಗಿದ್ದಾರೆ."

"ಫೋನ್ ಸತ್ತೋಗಿದೆ ಆಂಟಿ."

"ಒಂದು ಗಳಿಗೆ ಫೋನ್ ಸತ್ರೆ ಯಾರೂ ಅನಾಥರಾಗಲ್ಲ. ಡ್ರೈವರ್ ತೂಕಡಿಸಿದ್ರೆ ಆಗ್ತಾರೆ. ಹೋಗು, ಇನ್ನೊಂದು ಟೀ ಕುಡಿ."

ಒಬ್ಬರು ಮಾತ್ರೆ ಕೇಳಿದರು, ಅದನ್ನು ಮಾತ್ರ ಚಪ್ಪಲಿ ಬಿಟ್ಟು ಬೆಕ್ಕಿನ ಹಾಗೆ ಒಳಗೆ ಹೋಗಿ ತಂದುಕೊಟ್ಟೆ. ಟೋಪಿ, ಕನ್ನಡಿ, ಬಾಚಣಿಗೆ ಕೇಳಿದವರಿಗೆಲ್ಲ ಛತ್ರಿಯನ್ನೇ ತೋರಿಸಿದೆ. ಅಷ್ಟರಲ್ಲಿ ಕೋಲಜ್ಜಿ ಹೋಟೆಲಿನಿಂದ ಒಂದು ಕುರ್ಚಿ ಎಳೆಸಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತರು. ಆ ದಿನ ನಮ್ಮ ಜಗಳದ ನಡುವೆಯೇ ಬಸ್ಸು ಹತ್ತಿದ್ದ ಅವರ ಕಿವಿಗೆ ಅದು ಬೀಳದೆ ಇರುತ್ತದೆಯೇ? ಯಾರಾದರೂ ದನಿ ಏರಿಸಿದರೆ ಕೋಲನ್ನು ನೆಲಕ್ಕೆ ಕುಟ್ಟಿ, "ಶ್!" ಎನ್ನುತ್ತಿದ್ದರು. ಆ ಕುಟ್ಟುವ ಸದ್ದೇ ಜಾಸ್ತಿಯಾಗಿತ್ತು. ಆದರೆ ಹೇಳುವವರು ಯಾರು?

ಮೈಕಣ್ಣ ಗಡಿಯಾರ ತಟ್ಟಿಕೊಂಡು ಬಂದ. "ಅಕ್ಕಾ, ಇದು ಸರಿಯಲ್ಲ. ಐದು ಗಂಟೆಗೆ ಅಲ್ಲಿ ಗೇಟ್ ಹಾಕ್ತಾರೆ, ಆಮೇಲೆ ಯಾರನ್ನೂ ಒಳಗೆ ಬಿಡಲ್ಲ. ಲೇಟಾದ್ರೆ ಇಷ್ಟೂ ಜನ ನನ್ನ ಹರಿದು ತಿಂತಾರೆ."

"ತಮ್ಮಾ, ನೀನು ಎಷ್ಟು ವರ್ಷದಿಂದ ಇವರ ಬಸ್ಸಲ್ಲಿ ಇದ್ದೀಯ?"

"ಹನ್ನೊಂದು."

"ಒಂದು ದಿನನಾದ್ರೂ ಬ್ರೇಕ್ ಹೊಡೆದಾಗ ನಿನ್ನ ಮೈಕು ಕೈಯಿಂದ ಬಿದ್ದಿದೆಯಾ?"

ಅವನು ಯೋಚಿಸಿದ. ಇಲ್ಲವೆಂದು ತಲೆಯಾಡಿಸಿದ. ಒಳ್ಳೆಯ ಹುಡುಗ, ಮೈಕು ಇಲ್ಲದಾಗ. ಇನ್ನರ್ಧ ಗಂಟೆ ಅವನೇ ಜನರನ್ನು ಹೋಟೆಲಿನ ಹಿಂದಿನ ತೋಟಕ್ಕೆ ಕರೆದುಕೊಂಡು ಹೋಗಿ, ಅಲ್ಲಿದ್ದ ಸಾಧಾರಣ ಬಾವಿಯೊಂದಕ್ಕೆ ದೊಡ್ಡ ಇತಿಹಾಸ ಕಟ್ಟಿ ಹೇಳಿದ. ಈ ಬಸ್ಸಿನ ಗಾಳಿಯೇ ಹಾಗಿರಬೇಕು.

ನಮ್ಮವರು ಗೊರಕೆ ಹೊಡೆದು ಮಲಗಿ ಎದ್ದು, ಮುಖ ತೊಳೆದು, ಬಸ್ಸು ಹೊರಡಿಸಿದರು. ದೊಡ್ಡ ಜಲಪಾತದ ಪಾರ್ಕಿಂಗ್ ತಲುಪಿದಾಗ ಕಾವಲುಗಾರ ಗೇಟಿನ ಸರಪಳಿ ಕೈಗೆ ತೆಗೆದುಕೊಂಡಾಗಿತ್ತು. ಜನ ದುಡುದುಡು ಓಡಿದರು. ಕೋಲಜ್ಜಿ ಗೇಟಿನ ನಡುವೆ ನಿಂತು, "ನಾನು ಮುದುಕಿ, ನಿಧಾನ ನಡೆಯೋಳು, ಇನ್ನೂ ಒಬ್ಬರು ಬರೋರಿದ್ದಾರೆ," ಎಂದು ಕಾವಲುಗಾರನ ಜೊತೆ ಮೊಮ್ಮಕ್ಕಳ ಸುದ್ದಿ ತೆಗೆದರು.

ಬರಬೇಕಾದವರು ಟೈರು ಒದ್ದು ನೋಡುತ್ತಿದ್ದರು. ಆಮೇಲೆ ಗಾಜು ಒರೆಸಿದರು. ಆಮೇಲೆ ಇನ್ನೊಂದು ಟೈರು.

"ರೀ!"

"ಬಂದೆ ಇರು. ಗಾಳಿ ಕಡಿಮೆ ಇದ್ದ ಹಾಗಿದೆ."

"ನಿಮ್ಮ ತಲೆ ಕಡಿಮೆ ಇದೆ. ಹೋಗ್ರೀ, ಗೇಟ್ ಹಾಕ್ತಾರೆ!"

ಅವರು ಕೈಯಲ್ಲಿದ್ದ ಬೀಗದ ಕೈ ತಿರುಗಿಸುತ್ತ ನಿಂತರು. ಎಂಥೆಂಥ ಘಾಟಿಗಳಲ್ಲಿ ಬಸ್ಸು ಇಳಿಸಿದವರ ಮುಖದಲ್ಲಿ ಅಂಥ ಹೆದರಿಕೆ ನಾನು ನೋಡಿರಲಿಲ್ಲ.

"ನಾನು ಹೇಳಿದಷ್ಟು ಇಲ್ಲದೇ ಹೋದ್ರೆ?"

ಸಂಕಟವಾಯಿತು ನನಗೆ. ಮೂವತ್ತು ವರ್ಷ ನನಗಾಗಿ ಕಟ್ಟಿದ್ದು ಒಂದು ನೋಟಕ್ಕೆ ಬಿದ್ದುಹೋದರೆ ಎಂಬ ಭಯ ಅದು. ಆದರೆ ಕರಗುವ ಹೊತ್ತಲ್ಲ.

"ಇಲ್ಲದೇ ಹೋದ್ರೆ ಬಂದು ಸುಳ್ಳು ಹೇಳಿ. ಅಭ್ಯಾಸ ಇದೆಯಲ್ಲ," ಅಂದು, ಬೀಗದ ಕೈ ಕಿತ್ತುಕೊಂಡು, ಬೆನ್ನಿಗೆ ಕೈಯಿಟ್ಟು ದೂಡಿದೆ.

ಹೋದರು. ಕೋಲಜ್ಜಿ ಅವರ ತೋಳು ಹಿಡಿದುಕೊಂಡರು. ಹಿಂದೆಯೇ ಸರಪಳಿ ಬಿತ್ತು.

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಎದುರಿಗೆ ಸುಣ್ಣ ಉದುರಿದ ಒಂದು ಗೋಡೆ. ಅದರ ಮೇಲೆ 'ಇಲ್ಲಿ ವಾಹನ ತೊಳೆಯಬಾರದು'. ಒಂದು ಕಸದ ಡಬ್ಬಿ. ಎಣ್ಣೆ ತೇಲುವ ಒಂದು ಗುಂಡಿ ನೀರು. ಮರಗಳ ಹಿಂದಿನಿಂದ ಜಲಪಾತದ ಮೊರೆತ ಬರುತ್ತಿತ್ತು, ಗಾಜು ಸಣ್ಣಗೆ ಅದುರುತ್ತಿತ್ತು. ಇಷ್ಟೇ ನಮ್ಮವರಿಗೆ ದಕ್ಕಿದ್ದು. ಇದನ್ನಿಟ್ಟುಕೊಂಡು ಆನೆಯಂಥ ಬಂಡೆ ಮಾಡಿದರು, ಬಿಳಿ ಪರದೆ ಮಾಡಿದರು, ಕೊಕ್ಕರೆ ತಂದು ಕೂರಿಸಿದರು. ಆಗ ಅತ್ತೆ. ನೋಡುವವರು ಯಾರೂ ಇರಲಿಲ್ಲ, ಚೆನ್ನಾಗಿಯೇ ಅತ್ತೆ.

ಹೊತ್ತು ಇಳಿಯುವಾಗ ಜನ ಬಂದರು, ಎಲ್ಲರೂ ಒಟ್ಟಿಗೇ ಮಾತಾಡುತ್ತ. ಎಷ್ಟು ಎತ್ತರ, ಎಂಥ ಸದ್ದು, ಕಾಮನಬಿಲ್ಲು ನೋಡಿದ್ಯಾ. ಎಲ್ಲರ ಹಿಂದೆ ಕೋಲಜ್ಜಿ, ಅವರ ಹಿಂದೆ ನಮ್ಮವರು. ಅಂಗಿ ಮೈಗೆ ಅಂಟಿತ್ತು, ಕೂದಲಿನಿಂದ ನೀರು ಇಳಿಯುತ್ತಿತ್ತು, ಒಂದು ಚಪ್ಪಲಿ ಕೈಯಲ್ಲಿತ್ತು.

"ನಿನ್ನ ಗಂಡನ್ನ ಅಲ್ಲಿಂದ ಎಬ್ಬಿಸೋಕೆ ಕೋಲೇ ಬೇಕಾಯ್ತು," ಎಂದರು ಕೋಲಜ್ಜಿ ಹತ್ತುತ್ತ.

ನಾನು ಸೀಟು ಬಿಟ್ಟು ಕೆಳಗಿಳಿದೆ. "ಹೇಗಿತ್ತು ರೀ?"

ಅವರು ಕೈಯನ್ನು ತಲೆಯ ಮೇಲೆತ್ತಿ, ಅಲ್ಲಿಂದ ಕೆಳಗೆ ತರಲು ಹೋಗಿ, ಅರ್ಧದಲ್ಲೇ ನಿಲ್ಲಿಸಿದರು.

"ನೀರು," ಅಂದರು.

"ಹೂಂ?"

"ನೀರು ಕಣೇ. ಬೀಳ್ತಾನೇ ಇರುತ್ತೆ."

ಮೂವತ್ತು ವರ್ಷ ಕಾಣದ್ದನ್ನೆಲ್ಲ ಟೀ ಆರುವ ತನಕ ಹೇಳಿದ ಮನುಷ್ಯನಿಗೆ, ಕಂಡದ್ದನ್ನು ಹೇಳಲು ಇನ್ನೊಂದು ಮಾತು ಸಿಗಲಿಲ್ಲ. ನಿಜವಾಗಿ ನೋಡಿ ಬಂದಿದ್ದಾರೆ ಎಂದು ನನಗೆ ಗೊತ್ತಾದದ್ದು ಹಾಗೆ.

ಕೈಯಲ್ಲಿದ್ದ ಚಪ್ಪಲಿ ಕಾಲಿಗೆ ಹಾಕಿ, ಬೀಗದ ಕೈಗಾಗಿ ಕೈ ಚಾಚಿ, "ಮುಂದಿನ ತಿಂಗಳು ಬರೋಣ. ಬೇರೆ ಯಾರೋ ಓಡಿಸೋ ಬಸ್ಸಲ್ಲಿ," ಅಂದರು. "ನಿನಗೆ ಇದನ್ನ ಹೇಳೋಕೆ ನನ್ನ ಕೈಲಿ ಆಗಲ್ಲ ಕಣೇ. ನೀನೇ ನೋಡ್ಬೇಕು."

"ಬರೋಣ. ಈಗ ಮೊದಲು ತಲೆ ಒರೆಸ್ಕೊಳ್ಳಿ, ಮುಂದೆ ಘಾಟಿ ಇದೆ," ಎಂದು ಸೀಟಿನ ಬೆನ್ನಿಗೆ ತೂಗುಹಾಕಿದ್ದ ಟವೆಲ್ ಎಳೆದುಕೊಟ್ಟೆ. ಒರೆಸಿ ವಾಪಸ್ ಕೊಟ್ಟರು. ಹಿಂಡಿದೆ. ಪಾರ್ಕಿಂಗಿನ ಮಣ್ಣಿನ ಮೇಲೆ ನೀರು ತಟತಟ ಬಿತ್ತು.